ವಜಾ ಅನ್ನಬೇಡ್ರಿ, ಬಹಿಷ್ಕಾರ ಅನ್ರಿ



ಸ್ವಲ್ಪ ಉದ್ದ ಬರೆದೀನಿ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ, ಆಮೇಲೆ ಬೈಯೂದಿದ್ರೆ ಬೈರಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾವ ಕೆಲಸಗಾರರ ಧರಣಿಯಲ್ಲಿ ಹೋಗಿ ಕುಂತರೂ ನಮ್ಮವರೇ ಕೆಲವರು ಆಮೇಲೆ ನನಗೆ ಒಂದು ಮಾತು ಕೇಳ್ತಾರ: "ಅದು ಯೂನಿಯನ್‌ನವರ ವಿಷಯ. ಅವರದು ಪಗಾರದ ಪ್ರಶ್ನೆ, ನಮ್ಮದು ಜಾತಿಯ ಪ್ರಶ್ನೆ. ನೀನ್ಯಾಕ ಅಲ್ಲಿ ಹೋಗಿ ಕೂಡ್ತಿ?"

ನನ್ನ ಉತ್ತರ ಇಷ್ಟೇ. ಪಗಾರ ಕೇಳುವವರೆಗೆ ಅದು ಪಗಾರದ ಪ್ರಶ್ನೆ. ಕೇಳಿದ ತಪ್ಪಿಗೆ ಕೆಲಸ ಹೋದ ದಿನದಿಂದ ಅದು ಬಹಿಷ್ಕಾರದ ಪ್ರಶ್ನೆ. ಬಹಿಷ್ಕಾರ ಅಂದ್ರೆ ಏನು ಅನ್ನೋದನ್ನ ನಮಗೆ ಯಾರೂ ಬಂದು ಕಲಿಸಬೇಕಾಗಿಲ್ಲ.

1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ನಂತರ ಬಾಬಾಸಾಹೇಬರು ಶುರು ಮಾಡಿದ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'. ಮರುವರ್ಷ ಮುಂಬಯಿ ಸರ್ಕಾರ ಸ್ಟಾರ್ಟೆ ಸಮಿತಿ ನೇಮಿಸಿತು. ಬಾಬಾಸಾಹೇಬರು ಅದರ ಸದಸ್ಯರು. 1930ರಲ್ಲಿ ವರದಿ ಬಂತು. ನಮ್ಮ ಬಿಜಾಪುರ ಜಿಲ್ಲೆ, ಅದರೊಳಗಿನ ಬೀಳಗಿ, ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಜಮಖಂಡಿ, ಮುಧೋಳ ಮಾತ್ರ ಬೇರೆ ಸಂಸ್ಥಾನಗಳು. ಅಸ್ಪೃಶ್ಯರು ತಮ್ಮ ಹಕ್ಕು ಚಲಾಯಿಸಲು ಹೋದ ಕೂಡಲೇ ಊರವರು ಏನು ಮಾಡ್ತಾರೆ ಅಂತ ಆ ಸಮಿತಿ ದಾಖಲಿಸಿತು: ಹೊಲದಿಂದ ಬಿಡಿಸ್ತಾರೆ, ಕೂಲಿಗೆ ಕರೆಯೋದು ನಿಲ್ಲಿಸ್ತಾರೆ, ಊರ ಚಾಕರಿಗೆ ಕೊಡಬೇಕಾದ ಆಯ ಕೊಡೋದಿಲ್ಲ. ಬಡಿಯೋದೇ ಬೇಕಿಲ್ಲ, ಒಲೆ ಆರಿಸಿದರೆ ಸಾಕು.

ಈಗ ಆ ಪಟ್ಟಿಯನ್ನು ಇವತ್ತಿನ ಕಾರ್ಖಾನೆ, ಡಿಪೋ, ನಗರಸಭೆಗೆ ಹಚ್ಚಿ ನೋಡ್ರಿ. ಎಷ್ಟು ಬದಲಾಗಿದೆ?

ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಸೀಜನ್ ಕೆಲಸಗಾರರು ಅಂತ ಇರ್ತಾರೆ. ಕಬ್ಬು ನುರಿಸೋದು ಶುರುವಾದಾಗ ಕರೀತಾರೆ, ಮುಗಿದಾಗ ಮನೆಗೆ ಕಳಿಸ್ತಾರೆ. ಈ ಸೀಜನ್‌ನಲ್ಲಿ ಓವರ್‌ಟೈಮ್ ದುಡ್ಡು ಕೇಳಿ ಗೇಟಿನ ಮುಂದೆ ನಿಂತವನನ್ನು ಯಾರೂ ತೆಗೆಯೋದಿಲ್ಲ. ಮುಂದಿನ ಸೀಜನ್‌ಗೆ ಕರೆಯೋದಿಲ್ಲ ಅಷ್ಟೇ. ಗುತ್ತಿಗೆಯವನಿಗೆ ಇನ್ನೂ ಸರಳ: "ನಾಳೆಯಿಂದ ಬರಬ್ಯಾಡ" ಅಂತ ಒಂದು ಫೋನ್. ಮಗ್ಗದ ಶೆಡ್ಡಿನ ಕೂಲಿ ನೇಕಾರ ಮದುವೆಗೋ ದವಾಖಾನೆಗೋ ಮುಂಗಡ ತಗೊಂಡಿರ್ತಾನೆ. ಮೀಟರಿಗೆ ಕೂಲಿ ಹೆಚ್ಚು ಮಾಡ್ರಿ ಅಂತ ನಾಲ್ಕು ಮಂದಿಯನ್ನು ಕೂಡಿಸಿದ ದಿನ ಅವನ ಮುಂಗಡ ಎಲ್ಲರಿಗಿಂತ ಮೊದಲು ನೆನಪಾಗ್ತದೆ: "ಬಾಕಿ ಕಟ್ಟು, ಹೋಗು." ನಾನು ಇಂಥ ಕರೆಗಳನ್ನು ಕೇಳಿಸಿಕೊಂಡವನು. ಯಾವ ಶೆಡ್ಡು, ಯಾವ ಕಾರ್ಖಾನೆ ಅಂತ ಇಲ್ಲಿ ಬರೆಯೋದಿಲ್ಲ. ಬರೆದರೆ ಇನ್ನೂ ಅಲ್ಲೇ ದುಡೀತಿರೋರ ಮೇಲೆ ಬೀಳ್ತದೆ. ಹೆಸರು ಬರೆಯಲಾಗದ ಈ ಹೆದರಿಕೆ ಇದೆಯಲ್ಲ, ಸೇಡಿನ ಕೆಲಸ ಅದೇ. ತೆಗೆಯೋದು ಒಬ್ಬನನ್ನು, ಬಾಯಿ ಮುಚ್ಚೋದು ನೂರು ಮಂದಿಯದು.

ಖಾಸಗಿ ಧಣಿಗಳು ಹೀಗೇ ಬಿಡ್ರಿ ಅಂತೀರಾ? ಹಾಗಾದ್ರೆ ಸರ್ಕಾರವೇ ಧಣಿ ಆದಾಗ ಏನು ಮಾಡ್ತು ಅಂತ ನೋಡೋಣ.

2020ರ ಡಿಸೆಂಬರ್‌ನಲ್ಲಿ ಸಾರಿಗೆ ನೌಕರರು ಮುಷ್ಕರ ಮಾಡಿದರು. ಬೇಡಿಕೆಗಳಲ್ಲಿ ಹೆಚ್ಚಿನವನ್ನು ಒಪ್ಪಿದ್ದೇವೆ ಅಂತ ಸರ್ಕಾರ ಹೇಳಿತು, ಬಸ್ಸು ಓಡಿದವು. ಕೊಟ್ಟ ಮಾತು ನಡೆಸಲಿಲ್ಲ, ಆರನೇ ವೇತನ ಆಯೋಗದ ಪಗಾರ ಕೊಡಲಿಲ್ಲ ಅಂತ 2021ರ ಏಪ್ರಿಲ್ 7ರಿಂದ ಮತ್ತೆ ನಿಲ್ಲಿಸಿದರು. ನಾಲ್ಕೂ ನಿಗಮಗಳು, ಅಂದರೆ ಲಕ್ಷಕ್ಕೂ ಹೆಚ್ಚು ನೌಕರರು. ನಮ್ಮ ವಾಯವ್ಯ ಸಾರಿಗೆಯ ಜಮಖಂಡಿ, ಮುಧೋಳ, ಬೀಳಗಿ ಡಿಪೋಗಳೂ ಅದರೊಳಗೆ. ಸರ್ಕಾರ ಶೇ 8ರಷ್ಟು ಹೆಚ್ಚಳ ಅಂದಿತು, ನೌಕರರು ಒಪ್ಪಲಿಲ್ಲ.

ಆಗ ಸರ್ಕಾರ ಏನೇನು ಮಾಡಿತು, ಒಂದೊಂದೇ ಎಣಿಸ್ರಿ. ಮುಷ್ಕರದ ಮೊದಲ ವಾರದಲ್ಲೇ ತರಬೇತಿ ನೌಕರರನ್ನು, ಪ್ರೊಬೇಷನರಿಗಳನ್ನು ತೆಗೆಯೋದು ಶುರುವಾಯ್ತು. ಮುಂದೆ ನಿಂತವರನ್ನು ದೂರದ ಘಟಕಗಳಿಗೆ ವರ್ಗ ಮಾಡಿದರು. ಮಾರ್ಚ್ ತಿಂಗಳು ದುಡಿದ ಪಗಾರವನ್ನೇ ಹಿಡಿದಿಟ್ಟರು. ಏಪ್ರಿಲ್ 13ಕ್ಕೆ ಯುಗಾದಿ, ಹಿಂದಿನ ದಿನ ನೌಕರರ ಹೆಂಡಿರು ಮಕ್ಕಳು ತಟ್ಟೆ ಲೋಟ ಹಿಡಿದು ಬಡಿಯುತ್ತ ಬೀದಿಗೆ ಬಂದರು. ನಿಗಮದ ಕ್ವಾರ್ಟರ್ಸ್‌ನಲ್ಲಿ ಇದ್ದವರಿಗೆ ಮನೆ ಖಾಲಿ ಮಾಡ್ರಿ ಅಂತ ನೋಟಿಸು. ಮೇಲಿನಿಂದ ಎಸ್ಮಾ ಹೆದರಿಕೆ.

ಕೂಲಿ ಬಂದ್, ಮನೆ ಬಂದ್, ಊರು ಬಿಡು. ಸ್ಟಾರ್ಟೆ ಸಮಿತಿ 1930ರಲ್ಲಿ ಬರೆದದ್ದಕ್ಕೂ ಇದಕ್ಕೂ ಇರುವ ಫರಕು, ಅವರು ಗೌಡರು ಕುಲಕರ್ಣಿಗಳು, ಇವರು ಲೆಟರ್‌ಹೆಡ್ ಇದ್ದವರು.

ಮತ್ತೆ, ಮೊದಲು ಯಾರನ್ನು ತೆಗೆದರು ಅನ್ನೋದನ್ನು ಗಮನಿಸ್ರಿ. ಭಾಷಣ ಮಾಡಿದ ಮುಖಂಡರನ್ನಲ್ಲ, ಇಪ್ಪತ್ತು ವರ್ಷ ಸರ್ವೀಸ್ ಆದವರನ್ನಲ್ಲ. ತೆಗೆದರೆ ಕೇಳೋರಿಲ್ಲದ, ವಿಚಾರಣೆ ಬೇಡದ, ಕೆಳಗಿನ ಮೆಟ್ಟಿಲಲ್ಲಿ ನಿಂತ ತರಬೇತಿ ಹುಡುಗರನ್ನು. ಮನೆತನದಲ್ಲೇ ಮೊದಲ ಸರ್ಕಾರಿ ಪಗಾರ ಕಂಡ ಎಷ್ಟು ಹುಡುಗರು ಆ ಮೆಟ್ಟಿಲ ಮೇಲೆ ಇರ್ತಾರೆ ಅನ್ನೋದು ನಮ್ಮ ಕೇರಿಯವರಿಗೆ ಗೊತ್ತು. ಸೇಡು ಯಾವತ್ತೂ ಮೇಲಿನಿಂದ ಕೆಳಕ್ಕೆ ಹರೀತದೆ, ಎಲ್ಲಕ್ಕಿಂತ ಕೆಳಗೆ ಹೋಗಿ ನಿಲ್ತದೆ. ಅಲ್ಲಿ ನಾವಿರ್ತೀವಿ. ಇದೇ ಕಾರಣಕ್ಕೆ ನಾನು ಅಲ್ಲಿ ಹೋಗಿ ಕೂಡೋದು.

ಇಲ್ಲಿ ಒಂದು ಮಾತನ್ನು ದಾಟಿ ಹೋಗುವಂತಿಲ್ಲ. ಅದೇ ಏಪ್ರಿಲ್ 16ರಂದು ನಮ್ಮ ಜಮಖಂಡಿ ತಾಲ್ಲೂಕಿನ ಕವಟಗಿ ಹತ್ತಿರ, ಡ್ಯೂಟಿಗೆ ಹೋಗಿದ್ದ ಹಿರಿಯ ಚಾಲಕರೊಬ್ಬರು ಬಸ್ಸಿಗೆ ಬಿದ್ದ ಕಲ್ಲಿನಿಂದ ತೀರಿಕೊಂಡರು. ಪೊಲೀಸರು ಬಂಧಿಸಿದ್ದು ಸಾರಿಗೆ ನೌಕರರನ್ನೇ. ನಮ್ಮ ಭಾಗದವರು ಇದನ್ನು ಮರೆತಿಲ್ಲ, ಮರೆಯಬಾರದು. ಆ ಕಲ್ಲಿಗೆ ಯಾವ ಸಮರ್ಥನೆಯೂ ಇಲ್ಲ. ಪಗಾರಕ್ಕಾಗಿ ಹೋರಾಡೋ ಕೈ ಇನ್ನೊಬ್ಬ ಪಗಾರದವನ ಜೀವ ತೆಗೆಯೋದಾದರೆ ಅದು ಹೋರಾಟ ಅಲ್ಲ. ಡ್ಯೂಟಿಗೆ ಹೋದವನನ್ನು ದ್ರೋಹಿ ಅಂತ ಕರೆದು, ಅವನ ಫೋಟೋಕ್ಕೆ ಹಾರ ಹಾಕಿ ಹಂಚುವ ಚಟ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಾವು ನಿಲ್ಲಿಸಬೇಕು. ಅದೂ ಬಹಿಷ್ಕಾರವೇ. ಮಾಡೋರು ನಮ್ಮವರು ಅನ್ನೋ ಕಾರಣಕ್ಕೆ ಅದು ಚಳವಳಿ ಆಗೋದಿಲ್ಲ.

ಆದರೆ ಆ ಸಾವನ್ನು ತೋರಿಸಿ "ಅದಕ್ಕೇ ಇವರನ್ನು ತೆಗೆದದ್ದು ಸರಿ" ಅನ್ನೋರಿಗೆ ಒಂದು ತಾರೀಖಿನ ಲೆಕ್ಕ ಹೇಳಬೇಕಾಗ್ತದೆ. ಕೆಲಸದಿಂದ ತೆಗೆಯೋದು ಶುರುವಾದದ್ದು ಆ ಕಲ್ಲು ಬೀಳೋಕಿಂತ ಎಷ್ಟೋ ದಿನ ಮೊದಲು. ಕಲ್ಲು ಒಗೆದವರಿಗೆ ಕೋರ್ಟ್ ಇದೆ, ಶಿಕ್ಷೆ ಆಗಲಿ. ಕಲ್ಲು ಮುಟ್ಟದ ಸಾವಿರಾರು ಮಂದಿಗೆ ಆದ ಶಿಕ್ಷೆ ಯಾವ ತಪ್ಪಿಗೆ? ಡ್ಯೂಟಿಗೆ ಬರಲಿಲ್ಲ ಅನ್ನೋ ಒಂದೇ ತಪ್ಪಿಗೆ.

ಏಪ್ರಿಲ್ 21ಕ್ಕೆ ಮುಷ್ಕರ ನಿಂತಿತು. ಕೊರೊನಾ ಏರುತ್ತಿತ್ತು, ಹೈಕೋರ್ಟ್ ಮುಷ್ಕರ ನಿಲ್ಲಿಸಿ ಅಂದಿತ್ತು. ಬಸ್ಸು ಓಡಿದವು, ಮಂದಿ ಮರೆತರು. ಕೆಲಸ ಹೋದವರು ಮಾತ್ರ ತಿಂಗಳುಗಟ್ಟಲೆ ಮಂತ್ರಿಗಳ ಮನೆ, ಡಿಪೋ, ಲೇಬರ್ ಕೋರ್ಟ್ ತಿರುಗಿದರು. ಆಮೇಲೆ ತಂಡ ತಂಡವಾಗಿ, ಷರತ್ತಿನ ಮೇಲೆ, ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡು ವಾಪಸ್ ಸೇರಿದವರು ಬಹಳ. ಮುಷ್ಕರ ಹದಿನೈದು ದಿನ, ಅದರ ಶಿಕ್ಷೆ ವರ್ಷ.

ಇದು ಒಂದು ಪಕ್ಷದ ಮೇಲಿನ ಸಿಟ್ಟಲ್ಲ. 2021ರಲ್ಲಿ ಬಿಜೆಪಿ ಸರ್ಕಾರ ಇತ್ತು. 2025ರ ಆಗಸ್ಟ್ 5ಕ್ಕೆ ಇದೇ ಸಾರಿಗೆ ನೌಕರರು 38 ತಿಂಗಳ ಹಿಂಬಾಕಿ ಕೇಳಿ ಬಸ್ಸು ನಿಲ್ಲಿಸಿದಾಗ ಕಾಂಗ್ರೆಸ್ ಸರ್ಕಾರ ಇತ್ತು. ಆಗಲೂ ಎಸ್ಮಾ, ಆಗಲೂ ಕೆಲಸ ಇಲ್ಲದಿದ್ದರೆ ಪಗಾರ ಇಲ್ಲ ಅನ್ನೋ ನೋಟಿಸು. ಖುರ್ಚಿ ಮೇಲೆ ಕುಂತವರು ಬದಲಾದರು, ಕೋಲು ಅದೇ.

ಕಾನೂನು ಇಲ್ಲೇನ್ರಿ ಅಂತ ಕೇಳ್ತೀರಿ. ಇದೆ. ಹ್ಯಾಂಗಿದೆ ಅಂತ ಕೇಳ್ರಿ.

ಯೂನಿಯನ್ ಕಟ್ಟಿದ್ದಕ್ಕೆ, ಕಾನೂನುಬದ್ಧ ಮುಷ್ಕರದಲ್ಲಿ ಪಾಲ್ಗೊಂಡಿದ್ದಕ್ಕೆ ಶಿಕ್ಷಿಸೋದನ್ನು ಕಾನೂನು 'ಅನುಚಿತ ಕಾರ್ಮಿಕ ಪದ್ಧತಿ' ಅಂತ ಕರೀತದೆ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1943ರಲ್ಲಿ, ಮಾಲೀಕರು ಯೂನಿಯನ್‌ಗೆ ಮಾನ್ಯತೆ ಕೊಡಲೇಬೇಕು ಅನ್ನೋ ಮಸೂದೆ ತಂದರು. ಅದರ ಮುಂದುವರಿಕೆಯಾಗಿ 1947ರಲ್ಲಿ ಟ್ರೇಡ್ ಯೂನಿಯನ್ ತಿದ್ದುಪಡಿ ಕಾಯ್ದೆ ಪಾಸಾಯ್ತು. ಮಾಲೀಕರ ಸೇಡಿನ ಕ್ರಮಗಳಿಗೆ ಅದರಲ್ಲಿ ಶಿಕ್ಷೆ ಇತ್ತು. ಆ ಕಾಯ್ದೆ ಜಾರಿಗೇ ಬರಲಿಲ್ಲ. ಪಾಸು ಮಾಡಿ ಕಪಾಟಿನಲ್ಲಿ ಇಟ್ಟರು. 1984ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಯೊಳಗೆ ಇಂಥ ಸೇಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಂತ ಬಂತು. ಆದರೆ ಅದೇ ಕಾಯ್ದೆಯ 34ನೇ ಕಲಂ ಏನು ಹೇಳ್ತಿತ್ತು ಗೊತ್ತೇ? ಸರ್ಕಾರ ದೂರು ಕೊಟ್ಟರೆ, ಇಲ್ಲಾ ಸರ್ಕಾರ ಅಧಿಕಾರ ಕೊಟ್ಟವರು ದೂರು ಕೊಟ್ಟರೆ ಮಾತ್ರ ಕೋರ್ಟು ಆ ಅಪರಾಧವನ್ನು ಕೈಗೆತ್ತಿಕೊಳ್ಳಬೇಕು. ಕೆಲಸ ಹೋದ ಕೆಲಸಗಾರ ತಾನೇ ಹೋಗಿ ದೂರು ಹಾಕುವಂತಿಲ್ಲ. ಸಾರಿಗೆ ನೌಕರನ ವಿಷಯದಲ್ಲಿ ಇದರ ಅರ್ಥ ನೋಡ್ರಿ: ತೆಗೆದವನೂ ಸರ್ಕಾರ, ದೂರು ಕೊಡಬೇಕಾದವನೂ ಸರ್ಕಾರ. ಕಳ್ಳನ ಕೈಯಲ್ಲೇ ಕೀಲಿ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆ ಹೋಗಿ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಸರ್ಕಾರದ ದೂರು ಬೇಕೆಂಬ ಆ ಕೀಲಿ ಅದರಲ್ಲೂ ಉಳಿದಿದೆ. ಸೇಡು ತೀರಿಸಿಕೊಂಡ ಮಾಲೀಕನಿಗೆ ಮೊದಲ ಸಲದ ತಪ್ಪಿಗೆ ಜೈಲು ಇಲ್ಲ, ಹತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಅಷ್ಟೇ. ಕಾನೂನುಬಾಹಿರ ಮುಷ್ಕರ ಮಾಡಿದ ಕೆಲಸಗಾರನಿಗೆ? ಮೊದಲು ಐವತ್ತು ರೂಪಾಯಿ ಇದ್ದ ದಂಡ ಈಗ ಸಾವಿರದಿಂದ ಹತ್ತು ಸಾವಿರ, ಜೊತೆಗೆ ಒಂದು ತಿಂಗಳವರೆಗಿನ ಜೈಲು ಹಂಗೇ ಇದೆ. ಹದಿನಾಲ್ಕು ದಿನದ ನೋಟಿಸು ಮೊದಲು ಸಾರ್ವಜನಿಕ ಸೇವೆಗಳಿಗೆ ಮಾತ್ರ ಕಡ್ಡಾಯ ಇತ್ತು, ಈಗ ಎಲ್ಲ ಕಾರ್ಖಾನೆಗಳಿಗೂ. ಅರ್ಧಕ್ಕರ್ಧ ಮಂದಿ ಕೂಡಿ ಒಂದು ದಿನ ರಜೆ ಹಾಕಿದರೂ ಅದು ಮುಷ್ಕರ ಅಂತ ಲೆಕ್ಕ. ಅಂದರೆ ಮುಷ್ಕರವನ್ನು ಕಾನೂನುಬಾಹಿರ ಮಾಡೋದು ಸಲೀಸಾಗಿದೆ, ಸೇಡನ್ನು ಅಪರಾಧ ಅಂತ ಸಾಬೀತು ಮಾಡೋದು ಕಷ್ಟವಾಗೇ ಉಳಿದಿದೆ.

1938ರಲ್ಲಿ ಮುಂಬಯಿಯ ಕಾಂಗ್ರೆಸ್ ಸರ್ಕಾರ ಇಂಥದ್ದೇ ಕೈಗಾರಿಕಾ ವಿವಾದ ಮಸೂದೆ ತಂದಿತ್ತು. ದುಡಿಯಲಾರೆ ಅಂದವನನ್ನು ಜೈಲಿಗೆ ಕಳಿಸೋದು ಅಂದರೆ ಅವನನ್ನು ಗುಲಾಮ ಮಾಡಿದಂತೆ ಅಂತ ಬಾಬಾಸಾಹೇಬರು ಶಾಸನಸಭೆಯಲ್ಲಿ ವಾದಿಸಿದರು. ಅಷ್ಟಕ್ಕೆ ಬಿಡಲಿಲ್ಲ. ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರ ಮಾಡಿಸಿದರು. "ಯೂನಿಯನ್ ವಿಷಯ ನಮಗ್ಯಾಕ" ಅನ್ನೋರು ಈ ತಾರೀಖು ಬರೆದಿಟ್ಟುಕೊಳ್ಳಲಿ. ಹಾಗಂತ ಅವರು ಯೂನಿಯನ್‌ಗಳಿಗೆ ಸುಮ್ಮನೆ ಹೂವು ಏರಿಸಿದವರೂ ಅಲ್ಲ. 1928ರ ಮುಂಬಯಿ ಗಿರಣಿ ಮುಷ್ಕರದಲ್ಲಿ, ಅಸ್ಪೃಶ್ಯರನ್ನು ನೇಯ್ಗೆ ವಿಭಾಗಕ್ಕೆ ಬಿಡದ ಪದ್ಧತಿ ಹೋಗಬೇಕು, ಅದನ್ನೂ ಬೇಡಿಕೆಯಲ್ಲಿ ಸೇರಿಸ್ರಿ ಅಂತ ಪಟ್ಟು ಹಿಡಿದರು. ನೂಲು ತುಂಡಾದರೆ ಬಾಯಿಂದ ಹಿಡಿದು ಜೋಡಿಸಬೇಕಿತ್ತು, ಮೈಲಿಗೆ ಆಗ್ತದೆ ಅಂತ ಉಳಿದ ಕೆಲಸಗಾರರೇ ನಮ್ಮವರನ್ನು ಹೊರಗಿಟ್ಟಿದ್ದರು. ಮಗ್ಗದ ಊರಿನವರಾದ ನಮಗೆ ಈ ಮಾತು ಬೇಗ ತಿಳೀಬೇಕು. ಬಾಬಾಸಾಹೇಬರು ಹೋರಾಟದೊಳಗೆ ಹೋಗಿ ನಮ್ಮ ಪ್ರಶ್ನೆ ಇಟ್ಟರು. ಹೊರಗೆ ನಿಂತು ಬೈಯಲಿಲ್ಲ.

ನಾವು ಒಳಗೆ ಹೋಗಿ ಇಡಬೇಕಾದ ಪ್ರಶ್ನೆ ಈಗ ಯಾವುದು? ನನ್ನ ಪ್ರಕಾರ ಒಂದೇ: ಕೆಳಗಿನ ಮೆಟ್ಟಿಲಿನವನು ಮೊದಲು ವಾಪಸ್ ಬರಬೇಕು.

ನಮ್ಮಲ್ಲಿ ಬೇಡಿಕೆ ಪಟ್ಟಿ ಬರೆಯುವಾಗ ಪಗಾರ ಮೊದಲು, ಬೋನಸ್ ಎರಡು, ಹತ್ತನೆಯದೋ ಹನ್ನೊಂದನೆಯದೋ ಕಡೆ "ಯಾರ ಮೇಲೂ ಸೇಡಿನ ಕ್ರಮ ಆಗಬಾರದು" ಅಂತ ಒಂದು ಸಾಲು. ಮಾತುಕತೆಗೆ ಕುಂತಾಗ ಮೊದಲು ಬಿಟ್ಟುಕೊಡೋದು ಆ ಸಾಲನ್ನೇ. ಉಳಿದವರಿಗೆ ನಾಲ್ಕು ರೂಪಾಯಿ ಹೆಚ್ಚಾಗ್ತದೆ, ಹತ್ತು ಮಂದಿ ಹೊರಗೆ ಉಳೀತಾರೆ, ಮುಖಂಡರು ಜಯ ಸಿಕ್ಕಿತು ಅಂತ ಪೇಢೆ ಹಂಚ್ತಾರೆ. ಮುಂದಿನ ಸಲ ಕರೆದರೆ ಯಾರು ಬರ್ತಾರೆ? ಆ ಹತ್ತು ಮಂದಿಯ ಮನೆ ಒಲೆಯನ್ನು ಎಲ್ಲರೂ ನೋಡಿರ್ತಾರೆ.

ಆ ಸಾಲನ್ನು ಬಿಟ್ಟುಕೊಡದೆ ಗೆದ್ದವರೂ ಇದ್ದಾರೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕುಲದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಗಾರ್ಮೆಂಟ್ ಘಟಕ ಮುಚ್ಚಿ ಸಾವಿರದ ಇನ್ನೂರಕ್ಕೂ ಹೆಚ್ಚು ಕೆಲಸಗಾರರು ಬೀದಿಗೆ ಬಂದರು. ಹೆಚ್ಚಿನವರು ಹೆಣ್ಣುಮಕ್ಕಳು. ಆರ್ಡರ್ ಇಲ್ಲ ಅಂತ ಕಂಪನಿ ಹೇಳಿತು. ಅಷ್ಟು ಘಟಕಗಳಲ್ಲಿ ಯೂನಿಯನ್ ಗಟ್ಟಿ ಇದ್ದ ಇದೊಂದೇ ಯಾಕೆ ಮುಚ್ಚಿತು ಅಂತ ಅವರ ಸಂಘಟನೆ, ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಕೇಳಿತು. ಲಾಕ್‌ಡೌನ್ ಕಾಲದಲ್ಲಿ ಆ ಹೆಣ್ಣುಮಕ್ಕಳು ಗೇಟಿನ ಮುಂದೆ ವಾರಗಟ್ಟಲೆ ಕುಂತರು. ಅಲ್ಲಿ ಹೊಲಿದ ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಕಂಪನಿಯವರೆಗೆ ವಿಷಯ ಮುಟ್ಟಿಸಿದರು. ನಡುವೆ ಎಷ್ಟೋ ಮಂದಿ ಕಷ್ಟ ತಾಳದೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋದರು, ಅದನ್ನೂ ಹೇಳಬೇಕು. ಆದರೆ 2021ರ ಫೆಬ್ರುವರಿಯಲ್ಲಿ ಕೆಲಸ ಕಳಕೊಂಡವರಿಗೆ ತನ್ನ ಬೇರೆ ಘಟಕಗಳಲ್ಲಿ ಕೆಲಸ ಕೊಡ್ತೀವಿ ಅಂತ ಕಂಪನಿ ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಅವರ ಮೊದಲ ಬೇಡಿಕೆ ಪಗಾರ ಹೆಚ್ಚಳ ಆಗಿರಲಿಲ್ಲ, ವಾಪಸ್ ಕೆಲಸ ಆಗಿತ್ತು.

ನಮ್ಮ ಪೌರಕಾರ್ಮಿಕರನ್ನೇ ನೋಡ್ರಿ. 2022ರ ಜುಲೈ 1ರಿಂದ ನಾಲ್ಕು ದಿನ ರಾಜ್ಯದ ತುಂಬ ಪೊರಕೆ ಕೆಳಗಿಟ್ಟರು. "ನಾಳೆ ಬರಬ್ಯಾಡ" ಅಂದರೆ ಮುಗೀತು ಅನ್ನೋ ಸ್ಥಿತಿಯ ಮಂದಿ ಅವರು. ಒಂದು ಊರಲ್ಲಿ ನಿಂತಿದ್ದರೆ ಅಲ್ಲೇ ಹೊಸಕಿ ಹಾಕ್ತಿದ್ದರು. ಎಲ್ಲ ಊರಲ್ಲೂ ಒಂದೇ ದಿನ ನಿಂತಾಗ ಯಾರನ್ನು ತೆಗೀತೀರಿ? ಸೆಪ್ಟೆಂಬರ್‌ನಲ್ಲಿ 11,133 ಪೌರಕಾರ್ಮಿಕರನ್ನು ಕಾಯಂ ಮಾಡುವ ನಿರ್ಧಾರ ಸಚಿವ ಸಂಪುಟದಿಂದ ಬಂತು.

ಹಂಗಾದ್ರೆ ನಾವು ಮಾಡಬೇಕಾದದ್ದೇನು? ನನಗೆ ತಿಳಿದಷ್ಟು ಹೇಳ್ತೀನಿ.

ಒಂದು. ಯಾವ ಸಂಘಟನೆ ಧರಣಿಗೆ ಕರೆದರೂ ದಲಿತ ಸಂಘಟನೆಗಳು ಒಂದು ಷರತ್ತಿನ ಮೇಲೆ ಹೋಗಬೇಕು: ಎಲ್ಲರೂ ವಾಪಸ್ ಆಗದೆ ಸಹಿ ಇಲ್ಲ. ಕಾಯಂ, ಗುತ್ತಿಗೆ, ತರಬೇತಿ, ಸೀಜನ್, ಎಲ್ಲರೂ. ಇದು ಬೇಡಿಕೆ ಪಟ್ಟಿಯ ಮೊದಲ ಸಾಲು ಆಗಬೇಕು.

ಎರಡು. ಧರಣಿಗಿಂತ ಮೊದಲೇ ಕಾಗದ ಮಾಡ್ರಿ. ಹಾಜರಿ, ಪಗಾರ ಚೀಟಿ, ಪಿಎಫ್ ನಂಬರು, ಸೂಪರ್‌ವೈಸರ್ ಕಳಿಸಿದ ಮೆಸೇಜು, ಎಲ್ಲವನ್ನೂ ಇಟ್ಟುಕೊಳ್ರಿ. ಗುತ್ತಿಗೆ ಅವಧಿ ಮುಗಿದು ನವೀಕರಿಸದಿದ್ದರೆ ಅದನ್ನು ಕಾನೂನು 'ತೆಗೆದದ್ದು' ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ಅಲ್ಲೇ ನಮ್ಮವರು ಸೋಲೋದು. ವಿವಾದ ರಾಜಿ ಅಧಿಕಾರಿಯ ಮುಂದೆ ಇರುವಾಗ ಆ ವಿವಾದದ ಕಾರಣಕ್ಕೆ ಮಾಲೀಕ ಶಿಕ್ಷಿಸುವಂತಿಲ್ಲ. ಹಾಗೆಯೇ ಆ ಹೊತ್ತಿಗೆ ಮುಷ್ಕರ ಮಾಡೋದೂ ಕಾನೂನುಬಾಹಿರ ಆಗ್ತದೆ. ಯಾವುದನ್ನು ಯಾವಾಗ ಅನ್ನೋದನ್ನು ಒಬ್ಬ ಒಳ್ಳೆಯ ವಕೀಲರನ್ನು ಕೇಳಿಯೇ ಹೆಜ್ಜೆ ಇಡ್ರಿ.

ಮೂರು. ದಲಿತ ಕೆಲಸಗಾರರ ಕೈಯಲ್ಲಿ ಇನ್ನೊಂದು ಕಾನೂನು ಇದೆ. 2015ರ ತಿದ್ದುಪಡಿ ಆದಮೇಲೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಅಪರಾಧ. ಕೂಲಿಗೆ ಕರೆಯದಿರೋದು, ವ್ಯವಹಾರ ನಿಲ್ಲಿಸೋದು ಆರ್ಥಿಕ ಬಹಿಷ್ಕಾರದ ವ್ಯಾಖ್ಯೆಯೊಳಗೇ ಬರೆದಿದೆ. ಪ್ರತಿ ವಜಾಕ್ಕೂ ಇದು ಹೊಂದ್ತದೆ ಅಂತ ನಾನು ಹೇಳ್ತಿಲ್ಲ, ಸುಮ್ಮಸುಮ್ಮನೆ ಕೇಸ್ ಹಾಕಿ ಕಾನೂನಿನ ಬೆಲೆ ಕಳೆಯೋದೂ ಬ್ಯಾಡ. ಆದರೆ ಕೂಲಿ ಕೇಳಿದ ಕೇರಿಗೆ ಊರೇ ಕೂಡಿ ಕೆಲಸ ನಿಲ್ಲಿಸಿದಾಗ, ಆ ಹೊಲ ಕಬ್ಬಿನದಿರಲಿ ಜೋಳದ್ದಿರಲಿ, ಇದು ಕೂಲಿ ಜಗಳ ಅಂತ ಪೊಲೀಸರು ಕೈ ತೊಳಕೊಳ್ಳೋಕೆ ಬಿಡಬ್ಯಾಡ್ರಿ. ಇಲ್ಲಿ ದೂರು ಕೊಡೋಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ನೊಂದವನೇ ಠಾಣೆಗೆ ಹೋಗಬಹುದು.

ನಾಲ್ಕು. ಹೊರಗೆ ಉಳಿದವರ ಮನೆಗೆ ಜೋಳ ಮುಟ್ಟಿಸ್ರಿ. ಭಾಷಣಕ್ಕಿಂತ ಮೊದಲು ಅದು. ಬಹಿಷ್ಕಾರದ ಜೀವ ಇರೋದೇ ಹೊಟ್ಟೆಯಲ್ಲಿ. ಏಪ್ರಿಲ್ 14ಕ್ಕೆ ಡಿಜೆ ಹಚ್ಚೋಕೆ ಓಣಿ ಓಣಿ ಪಟ್ಟಿ ಎತ್ತುವ ನಾವು, ಕೆಲಸ ಹೋದ ಒಬ್ಬ ತಮ್ಮನ ಮಕ್ಕಳ ಫೀ ಕಟ್ಟೋಕೆ ಎಷ್ಟು ಸಲ ಪಟ್ಟಿ ಎತ್ತೀವಿ?

ಇನ್ನು ಧಣಿಗಳಿಗೆ, ಅಧಿಕಾರಿಗಳಿಗೆ ಒಂದು ಮಾತು. ಕೈ ಮುಗಿದು ಬರ್ರಿ, ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಹೋಗ್ರಿ ಅಂತೀರಲ್ಲ, 2020ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆ ಲಾಕೌಟ್ ಆದಾಗಲೂ ಸಾವಿರಾರು ಕೆಲಸಗಾರರ ಮುಂದೆ ಇಟ್ಟದ್ದು ಅಂಥದೇ ಸನ್ನಡತೆಯ ಮುಚ್ಚಳಿಕೆ. ಊರ ಹಿರಿಯರ ಮುಂದೆ ತಪ್ಪು ಕಾಣಿಕೆ ಇಟ್ಟು ನೀರಿಗೆ ಅಪ್ಪಣೆ ಪಡೆದವರ ಮೊಮ್ಮಕ್ಕಳು ನಾವು. ಆ ಕಾಗದದ ಮೇಲೆ ಏನು ಬರೆದಿರ್ತದೆ ಅನ್ನೋದು ಓದದೆಯೇ ನಮಗೆ ಗೊತ್ತಾಗ್ತದೆ.

ನಿಮ್ಮ ಊರಲ್ಲಿ, ನಿಮ್ಮ ಡಿಪೋದಲ್ಲಿ, ಶೆಡ್ಡಿನಲ್ಲಿ, ನಗರಸಭೆಯಲ್ಲಿ ಧರಣಿ ಮಾಡಿದ್ದಕ್ಕೆ ಹೊರಗೆ ಉಳಿದವರಿದ್ದರೆ ಇನ್‌ಬಾಕ್ಸ್‌ಗೆ ಬರ್ರಿ. ಕಾಮೆಂಟಿನಲ್ಲಿ ಹೆಸರು, ಕಾರ್ಖಾನೆ ಬರೆಯಬ್ಯಾಡ್ರಿ. ಮತ್ತೆ ಇವತ್ತಿನಿಂದ ಒಂದು ಶಬ್ದ ಬದಲಿಸಿಕೊಳ್ರಿ. ಅವನನ್ನು ವಜಾ ಮಾಡಿದರು ಅನ್ನಬ್ಯಾಡ್ರಿ, ಬಹಿಷ್ಕಾರ ಹಾಕಿದರು ಅನ್ರಿ. ಬಹಿಷ್ಕಾರಕ್ಕೆ ಏನು ಮಾಡಬೇಕು ಅನ್ನೋದು ನಮ್ಮ ಮಂದಿಗೆ ಗೊತ್ತೈತಿ.

ಜೈಭೀಮ್. ಜೈ ಸಂವಿಧಾನ.